ಅವಾರ್ಡ್ ಪಿಚ್ಚರಿನ ಆಂಜಿನಮ್ಮ

ವಕ್ಕಲೇರಿಯ ಆಂಜಿನಮ್ಮನಿಗೆ ಸಿನಿಮಾ ಅಂದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಒಳ್ಳೆಯವನು ಯಾರು, ಕೆಟ್ಟವನು ಯಾರು ಅನ್ನುವುದು ಇಂಟರ್‌ವಲ್‌ಗೆ ಮುಂಚೆಯೇ ಗೊತ್ತಾಗಿಬಿಡಬೇಕು. ತಾಯಿ ಅತ್ತರೆ ಕಡೇ ಸಾಲಿನಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತವನ ಕೈಯೂ ನಿಲ್ಲಬೇಕು. ವಿಲನ್ನಿಗೆ ಏಟು ಬಿದ್ದರೆ ಆ ಸದ್ದು ಎದೆಗೆ ಬಡಿಯಬೇಕು. ಅರ್ಧಂಬರ್ಧ ಹೇಳಿ ಜನರನ್ನು ಮನೆಗೆ ಕಳಿಸುವ ಸಿನಿಮಾ ಅವಳ ಪ್ರಕಾರ ಮೋಸ.

ಬೆಳಗಿನ ಹಾಲನ್ನು ಡೈರಿಗೆ ಹಾಕಿ, ಎರಡು ಸೀಮೆ ಹಸುಗಳಿಗೆ ಮೇವು ಕೊಟ್ಟು, ಬಿಡುವಾದಾಗಲೆಲ್ಲ ಅವಳು ಕೋಲಾರಕ್ಕೆ ಮ್ಯಾಟ್ನಿಗೆ ಹೋಗುತ್ತಿದ್ದಳು. ಜೊತೆಗೆ ಪಕ್ಕದ ಬೀದಿಯಲ್ಲಿ ರವಿಕೆ ಹೊಲಿಯುವ ಶಹರ್ ಬಾನು. ಇಬ್ಬರಿಗೂ ಐವತ್ತು ದಾಟಿತ್ತು. ಕನ್ನಡವೋ ತೆಲುಗೋ, ಆ ವಾರ ಯಾವುದು ಓಡುತ್ತಿದೆಯೋ ಅದನ್ನು ನೋಡಿ, ಹೀರೋಯಿನ್ನಿನ ಅತ್ತೆಯನ್ನು ಬಸ್ಸಿನುದ್ದಕ್ಕೂ ಬಾಯಿತುಂಬ ಬೈದುಕೊಂಡು, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರುತ್ತಿದ್ದರು.

ಊರಿನವರಿಗೆ ಆಂಜಿನಮ್ಮ ಬೇಕಾಗುತ್ತಿದ್ದದ್ದು ಸಾವಿನ ಮನೆಯಲ್ಲಿ. ಯಾರಾದರೂ ತೀರಿಕೊಂಡರೆ ತಮಟೆಯವರಿಗೆ ಹೇಳಿಕಳಿಸಿದ ಹಾಗೆಯೇ ಅವಳಿಗೂ ಹೇಳಿಕಳಿಸುತ್ತಿದ್ದರು. ಅವಳು ಬಂದು ಹೆಣದ ತಲೆಯ ಬಳಿ ಕೂತು, ಸತ್ತವರು ಕಟ್ಟಿದ ಮನೆ, ಸಾಕಿದ ಮಕ್ಕಳು, ನೆಟ್ಟ ಮರ ಎಲ್ಲವನ್ನೂ ರಾಗ ಎಳೆದು ಹೇಳಿಕೊಂಡು ಅತ್ತರೆ, ಸತ್ತವರ ಮೇಲೆ ಹಗೆ ಇದ್ದವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಅವಳ ಗಂಡ ಚನ್ನರಾಯಪ್ಪ ಸತ್ತಾಗ ಅವಳು ಅತ್ತ ಅಳುವನ್ನು ಹೋಳೂರಿನಿಂದ ಬಂದಿದ್ದ ನೆಂಟರು ಎಷ್ಟೋ ವರ್ಷವಾದರೂ ನೆನೆಯುತ್ತಿದ್ದರು.

ಇಂಥದೊಂದು ಸಾವಿನ ಮನೆಯಲ್ಲೇ ಮೇಘನ ಅವಳನ್ನು ಮೊದಲು ನೋಡಿದ್ದು. ಮೇಘನ ಬೆಂಗಳೂರಿನವಳು, ಮೂವತ್ತೋ ಮೂವತ್ತೆರಡೋ ಇರಬೇಕು. ತಾಯಿಯ ಕಡೆಯವರು ಮುಳಬಾಗಿಲಿನ ಆವನಿಯವರಾದ್ದರಿಂದ ತೆಲುಗೂ ಈ ಕಡೆಯ ಮಾತೂ ಅವಳಿಗೆ ಬರುತ್ತಿತ್ತು. ಸಿನಿಮಾ ತೆಗೆಯಲು ಊರು ಹುಡುಕುತ್ತಾ ಬಂದಿದ್ದವಳು, ಅಳು ಕೇಳಿ ಬೀದಿಯಲ್ಲೇ ಕಾರು ನಿಲ್ಲಿಸಿದಳು. ಮಾರನೆಯ ವಾರ ಆಂಜಿನಮ್ಮನ ಮನೆಯ ಜಗುಲಿಯ ಮೇಲೆ ಬಂದು ಕೂತಳು.

"ನನ್ನ ಸಿನಿಮಾದಲ್ಲಿ ನೀವೇ ಮಾಡಬೇಕಮ್ಮ. ಮುಖ್ಯ ಪಾತ್ರ."

ಆಂಜಿನಮ್ಮ ನಕ್ಕಳು. "ಹೀರೋ ಯಾರು?"

"ಹೀರೋ ಇಲ್ಲ."

"ಹಾಡು?"

"ಹಾಡೂ ಇಲ್ಲ."

"ಫೈಟಾದ್ರೂ ಐತಾ?"

"ಇಲ್ಲಮ್ಮ. ಒಬ್ಬ ಹೆಂಗಸಿನ ಗಂಡ ಸಾಯ್ತಾನೆ. ಆಮೇಲೆ ಆ ಮನೇಲಿ ಹನ್ನೊಂದು ದಿನ ಏನಾಗತ್ತೆ, ಅಷ್ಟೇ ಕತೆ."

"ಏನಾಗತ್ತೆ?"

"ಏನೂ ಆಗಲ್ಲ. ದಿನಾ ನಡೆಯೋದೇ ನಡೆಯತ್ತೆ."

"ಏನೂ ಆಗ್ದೆ ಇರೋದನ್ನ ನೋಡಕ್ಕೆ ಜನ ಟಿಕೆಟ್ ತಗೊಂಡು ಬರ್ತಾರಾ?"

ರವಿಕೆ ಕೊಡಲು ಬಂದಿದ್ದ ಶಹರ್ ಬಾನು ಮಧ್ಯೆ ಬಾಯಿ ಹಾಕಿದಳು. "ಅರೆ ಆಂಜಿನಕ್ಕ, ಅದು ಅವಾರ್ಡ್ ಪಿಚ್ಚರು. ಹಿಂದೆ ಟೀವಿಲಿ ಭಾನುವಾರ ಮಧ್ಯಾಹ್ನ ಹಾಕೋರಲ್ಲ? ಒಬ್ಬ ಮುದುಕ ಬಾವಿ ಹತ್ರ ಹೋಗ್ತಾನೆ, ಹೋಗ್ತಾನೆ, ಹೋಗ್ತಾನೇ ಇರ್ತಾನೆ. ನಾವು ಅಡುಗೆ ಮಾಡ್ಕೊಂಡು ಬಂದ್ರೂ ಅವನಿನ್ನೂ ಬಾವಿ ಮುಟ್ಟಿರಲ್ಲ."

ಮೇಘನ ನಗಲಿಲ್ಲ. ಅವಳಿಗೆ ಈ ಮಾತು ಹೊಸದಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. "ದೊಡ್ಡ ಸಿನಿಮಾದವರು ಜನಕ್ಕೆ ಏನು ಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಅದನ್ನೇ ಕೊಡ್ತಾರೆ. ಇಲ್ಲಿ ಅಳಿ, ಇಲ್ಲಿ ನಗಿ, ಇಲ್ಲಿ ವಿಷಲ್ ಹಾಕಿ ಅಂತ ಮ್ಯೂಸಿಕ್ಕೇ ಹೇಳಿಬಿಡತ್ತೆ. ನಾನು ಹಾಗೆ ಹೇಳಲ್ಲ. ಒಂದು ಕಡೆ ಕ್ಯಾಮೆರಾ ಇಟ್ಟು ಕಾಯ್ತೀನಿ. ನೋಡೋರು ತಾವೇ ನೋಡಿ ತಿಳ್ಕೊಳ್ಳಲಿ."

ಆಂಜಿನಮ್ಮನಿಗೆ ಈ ಮಾತಿನಲ್ಲಿ ಸೊಕ್ಕು ಕಂಡಿತು. ಬೇಡ ಅನ್ನುವವಳೇ ಇದ್ದಳು. ಒಪ್ಪಿಸಿದವನು ಅವಳ ಮೈದುನ ಪಿಳ್ಳಪ್ಪ, ಚನ್ನರಾಯಪ್ಪನ ತಮ್ಮ. ಒಂದೇ ಅಂಗಳಕ್ಕೆ ಅವನ ಮನೆಯೂ ಇವಳ ಮನೆಯೂ ಎದುರುಬದುರು. ನಮ್ಮ ಅಂಗಳ ಸಿನಿಮಾದಲ್ಲಿ ಬರುತ್ತದೆ, ನಾವೂ ಜನರ ನಡುವೆ ನಿಲ್ಲಬಹುದು ಎಂದು ಅವನಿಗೆ ಎಲ್ಲಿಲ್ಲದ ಹುಮ್ಮಸ್ಸು. "ಒಪ್ಕೋ ಅತ್ಗೆ, ನಮ್ಮ ಮನೆತನದ ಹೆಸ್ರು ಬರ್ತದೆ" ಎಂದು ದಿನಾ ಹೇಳಿದ. ಆಂಜಿನಮ್ಮ ಒಪ್ಪಿಕೊಂಡಳು.

ಶೂಟಿಂಗ್ ಶುರುವಾದ ದಿನದಿಂದಲೂ ಜಗಳ. ರಾಗಿ ಬೀಸುವ ದೃಶ್ಯಕ್ಕೆ ಅವಳು ಒಳ್ಳೆಯ ಸೀರೆ ಉಟ್ಟು ಬಂದರೆ ಮೇಘನ ಹಳೆಯದನ್ನೇ ಉಡಿಸಿದಳು. "ಈಗ ಯಾವಳು ಬೀಸೋಕಲ್ಲಲ್ಲಿ ಬೀಸ್ತಾಳೆ? ಮಿಲ್ಲಿಗೆ ಹಾಕ್ಸ್ತೀವಿ" ಅಂದರೆ ಮೇಘನ ಬೀಸುವ ಕಲ್ಲನ್ನು ತೆಗೆಸಿ, ಅವಳನ್ನು ಸುಮ್ಮನೆ ಬಾಗಿಲಲ್ಲಿ ಕೂರಿಸಿದಳು. ಅವಳು ಮಾತಾಡಿದರೆ ಬೇಡ ಅನ್ನುತ್ತಿದ್ದಳು. ನೋಡಿದರೆ ಕ್ಯಾಮೆರಾ ಕಡೆ ನೋಡಬೇಡಿ ಅನ್ನುತ್ತಿದ್ದಳು. "ಹಾಗಾದ್ರೆ ನನ್ನ ಯಾಕೆ ಕರ್ಕೊಂಡೆ, ಒಂದು ಕಂಬ ನೆಡಬೇಕಾಗಿತ್ತು" ಎಂದು ಆಂಜಿನಮ್ಮ ಎಲ್ಲರೆದುರಿಗೆ ರೇಗಿದಳು.

ಗಂಡನ ಹೆಣ ಮಲಗಿಸುವ ದೃಶ್ಯದ ದಿನ ಅವಳು ತನ್ನ ಕೈ ತೋರಿಸಿಯೇ ತೀರುವುದು ಎಂದು ನಿರ್ಧರಿಸಿಕೊಂಡು ಬಂದಿದ್ದಳು. ಗಂಡನ ಪಾತ್ರ ಮಾಡುತ್ತಿದ್ದವನು ಶ್ರೀನಿವಾಸಪುರದ ಒಬ್ಬ ಪೌರಾಣಿಕ ನಾಟಕದ ನಟ. ಅವನಿಗೆ ಹಾಕಲು ಹಳೆಯ ಬಟ್ಟೆ ಬೇಕೆಂದಾಗ ಪಿಳ್ಳಪ್ಪನೇ ಅಣ್ಣನ ಪೆಟ್ಟಿಗೆ ತೆಗೆಸಿ, ತಾನು ಹಿಂದೆ ಯುಗಾದಿಗೆ ಅಣ್ಣನಿಗೆ ಕೊಡಿಸಿದ್ದ ನೀಲಿ ಗೀರಿನ ಷರ್ಟನ್ನು ಕೊಟ್ಟಿದ್ದ. ಜಗುಲಿಯ ಮೇಲೆ ಹೆಣ. ತಲೆಯ ಬಳಿ ದೀಪ, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ. ಸುತ್ತ ಊರಿನ ಜನ.

ಆಂಜಿನಮ್ಮ ಅತ್ತಳು. ಶಹರ್ ಬಾನು ಅತ್ತಳು, ಪಿಳ್ಳಪ್ಪ ಅತ್ತ, ಲೈಟು ಹಿಡಿದವರೂ ಕಣ್ಣು ಒರೆಸಿಕೊಂಡರು.

"ಚೆನ್ನಾಗಿದೆ ಅಮ್ಮ" ಅಂದಳು ಮೇಘನ. "ಈಗ ಇನ್ನೊಂದು ಸಲ. ಅಳಬೇಡಿ. ಸುಮ್ಮನೆ ಕೂತು ನೋಡಿ."

"ಗಂಡ ಸತ್ತು ಮಲಗವ್ನೆ, ಅಳಬೇಡ ಅಂತೀಯಲ್ಲ?"

"ನೀವು ಅತ್ರೆ ಜನ ಅತ್ತು ಹಗುರ ಆಗಿ ಮನೆಗೆ ಹೋಗಿಬಿಡ್ತಾರೆ. ನನಗೆ ಅದು ಬೇಡ."

"ನನ್ನ ಅಳು ನೋಡಿ ಕಾರ್ ನಿಲ್ಲಿಸ್ದೋಳು ನೀನು! ಈಗ ಅದೇ ಬೇಡ ಅಂತೀಯಾ?"

ಮಾತಿಗೆ ಮಾತು ಬೆಳೆಯಿತು. ಇನ್ನೊಂದು ಸಲ ತೆಗೆದರು, ಅವಳು ಬೇಕೆಂದೇ ಇನ್ನೂ ಜೋರಾಗಿ ಅತ್ತಳು. ಮತ್ತೊಂದು ಸಲಕ್ಕೆ ಮುಖ ತಿರುಗಿಸಿಕೊಂಡು ಕೂತುಬಿಟ್ಟಳು. ಕಡೆಗೆ ಮೇಘನ ಕೈಚೆಲ್ಲಿದವಳ ಹಾಗೆ, "ಆಯ್ತು, ಊಟಕ್ಕೆ ಬಿಡೋಣ" ಅಂದಳು. ಜನವೆಲ್ಲ ಎದ್ದು ಹಿತ್ತಲಿನ ಕಡೆ ಊಟಕ್ಕೆ ಹೋದರು. ಹೆಣವಾಗಿ ಮಲಗಿದ್ದ ನಟ ಜಗುಲಿಯ ತಂಪಿಗೆ ನಿಜವಾಗಿಯೇ ನಿದ್ದೆ ಹೋಗಿದ್ದ. ಕಾಲು ಜೋಮು ಹಿಡಿದಿದ್ದ ಆಂಜಿನಮ್ಮ ಏಳಲಾರದೆ ಅಲ್ಲೇ ಕೂತಳು. ಮೇಘನ ಕ್ಯಾಮೆರಾದವನಿಗೆ ಕಣ್ಣಲ್ಲೇ ಏನು ಹೇಳಿದಳೋ, ಆಂಜಿನಮ್ಮ ನೋಡಲಿಲ್ಲ.

ಅವಳ ಮುಂದೆ ಆ ನೀಲಿ ಗೀರಿನ ಷರ್ಟು ಇತ್ತು.

ಚನ್ನರಾಯಪ್ಪ ಊರಿಗೆ ದೊಡ್ಡ ಮನುಷ್ಯ. ಪಂಚಾಯ್ತಿಗೆ ಆರಿಸಿಬಂದವನು, ಬೇರೆಯವರ ಮನೆ ಜಗಳ ಬಿಡಿಸುವವನು, ಹೆಂಗಸರನ್ನು ತಾಯಿ ಎಂದೇ ಮಾತಾಡಿಸುವವನು. ಹೊಸಿಲು ದಾಟಿ ಒಳಗೆ ಬಂದರೆ ಬೇರೆಯೇ ಮನುಷ್ಯ. ಸಾರು ಸೇರದಿದ್ದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು. ಅದನ್ನು ಅವಳು ಬಳಿದು ಮುಗಿಸುವವರೆಗೆ ಅವನು ಮಂಚದ ಮೇಲೆ ಕೂತು ನೋಡುತ್ತಿದ್ದ. ಒಮ್ಮೆ ಅವಳು ತವರಿನವರ ಜೊತೆ ಮಾಲೂರಿನಲ್ಲಿ ಸಿನಿಮಾ ನೋಡಿ ಬಂದಳೆಂದು ತಿಳಿದು, ಅವಳು ಉಟ್ಟು ಹೋಗಿದ್ದ ಸೀರೆಯನ್ನು ಒಲೆಗೆ ಹಾಕಿಸಿದ, ಅವಳ ಕೈಯಿಂದಲೇ. ಮಗಳು ಗಂಗಾ ಆಗ ಬಾಗಿಲ ಹಿಂದೆ ನಿಂತಿದ್ದಳು. ಇದು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಆಂಜಿನಮ್ಮ ಹೇಳಿರಲಿಲ್ಲ. ಅವನು ಸತ್ತಾಗ ಊರೇ ನೋಡುತ್ತಿತ್ತು. ಅವಳು ಅತ್ತಳು, ಚೆನ್ನಾಗಿ ಅತ್ತಳು.

ಈಗ ಯಾರೂ ನೋಡುತ್ತಿಲ್ಲ ಅಂದುಕೊಂಡಳು. ತಟ್ಟೆಗೆ ಕೈ ಹಾಕಿ, ಹೆಣಕ್ಕೆಂದು ಇಟ್ಟಿದ್ದ ಎಲೆಯನ್ನು ತೊಡೆಯ ಮೇಲೆ ಒರೆಸಿಕೊಂಡು, ಅಡಿಕೆ ಸೇರಿಸಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿಯುತ್ತಾ ಆ ಷರ್ಟನ್ನು ನೋಡಿದಳು, ಅಂಚಿನಿಂದ ಕೊರಳಿನವರೆಗೆ ನೋಡಿದಳು. ಆಮೇಲೆ ತೆಲುಗಿನಲ್ಲಿ, ಹಿತ್ತಲಿಗೆ ಬಂದ ನಾಯಿಯನ್ನು ಅಟ್ಟುವ ಹಾಗೆ, "ಪೋ" ಅಂದಳು. ಆಮೇಲೆ ಕಾಲು ನೀವಿಕೊಂಡು ಎದ್ದು ಊಟಕ್ಕೆ ಹೋದಳು.

ಶೂಟಿಂಗ್ ಮುಗಿದು, ಮೇಘನಳ ಸಿನಿಮಾ ಎಲ್ಲೆಲ್ಲೋ ದೇಶಕ್ಕೆ ಹೋಗಿ, ಬೆಂಗಳೂರಿನಲ್ಲೂ ಬಹುಮಾನ ತಗೊಂಡು, ಮರುವರ್ಷ ಕೋಲಾರಕ್ಕೆ ಬಂತು. ಥಿಯೇಟರಿನವರು ಯಾರೂ ಹಾಕಿಕೊಳ್ಳಲಿಲ್ಲ. ಚಿತ್ರ ಸಮಾಜ ನಡೆಸುತ್ತಿದ್ದ ಕೆಲವು ಮೇಷ್ಟರುಗಳು ರಂಗಮಂದಿರದಲ್ಲಿ ಪರದೆ ಕಟ್ಟಿ ಭಾನುವಾರ ಬೆಳಗ್ಗೆ ತೋರಿಸಿದರು. ವಕ್ಕಲೇರಿಯಿಂದ ಎರಡು ಟೆಂಪೋ ತುಂಬ ಜನ ಹೋದರು. ಪಿಳ್ಳಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಮುಂದಿನ ಸಾಲಿನಲ್ಲಿ ಕೂತ. ಆಂಜಿನಮ್ಮನನ್ನು ಶಹರ್ ಬಾನು ಪಕ್ಕದಲ್ಲಿ ಕೂರಿಸಿಕೊಂಡಳು.

ಪರದೆಯ ಮೇಲೆ ಒಂದು ಬಾಗಿಲು ಬಂತು. ಬಾಗಿಲೇ ಇತ್ತು. ಒಂದು ಕೋಳಿ ಒಳಗೆ ಹೋಯಿತು, ಹೊರಗೆ ಬಂತು. ಹಿಂದಿನಿಂದ ಯಾರೋ, "ಏನ್ಲಾ, ಸ್ಟಕ್ ಆಗೋಯ್ತಾ?" ಎಂದು ಕೂಗಿದ. ನಗು ಎದ್ದಿತು. ಮೇಷ್ಟರೊಬ್ಬರು ಎದ್ದು ನಿಂತು ಶ್ ಅಂದರು. ವಿಷಲ್ ಬಿತ್ತು. ಆಂಜಿನಮ್ಮನಿಗೆ ಒಳಗೊಳಗೇ ಖುಷಿಯಾಯಿತು. ನಾನು ಮೊದಲೇ ಹೇಳಲಿಲ್ಲವಾ ಎಂದು ಬಾನುವಿನ ತೊಡೆ ಚಿವುಟಿದಳು. ಜನ ಬೈಯ್ಯಲಿ, ಆ ಹುಡುಗಿಗೆ ಬುದ್ಧಿ ಬರಲಿ.

ಆಮೇಲೆ ಹೆಣದ ದೃಶ್ಯ ಬಂತು. ಅವಳು ಅತ್ತ ಅಳು ಎಲ್ಲೂ ಇರಲಿಲ್ಲ. ಖಾಲಿ ಜಗುಲಿ, ಮಲಗಿದ ಗಂಡಸು, ಪಕ್ಕದಲ್ಲಿ ಒಬ್ಬ ಹೆಂಗಸು. ಯಾರಿವಳು ಎಂದು ಒಂದು ಕ್ಷಣ ಅವಳಿಗೇ ಗೊತ್ತಾಗಲಿಲ್ಲ. ಅಂಥ ಮುಖವನ್ನು ಅವಳು ಕನ್ನಡಿಯಲ್ಲಿ ನೋಡಿಕೊಂಡಿರಲಿಲ್ಲ. ಆ ಹೆಂಗಸು ಹೆಣದ ಎಲೆಯನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ವಿಷಲ್ ನಿಂತಿತು. ಕೆಮ್ಮು ನಿಂತಿತು. ಅಗಿಯುವುದು ಕಾಣುತ್ತಿತ್ತು, ನೋಡುವುದು ಕಾಣುತ್ತಿತ್ತು, ಮುಗಿಯುತ್ತಲೇ ಇರಲಿಲ್ಲ. ಮ್ಯೂಸಿಕ್ ಇದ್ದಿದ್ದರೆ ಜನ ಅದರ ಮರೆಗಾದರೂ ನಿಲ್ಲುತ್ತಿದ್ದರೇನೋ, ಅದೂ ಇರಲಿಲ್ಲ. ಕಡೆಗೆ "ಪೋ" ಅಂದದ್ದು ಇಡೀ ಹಾಲಿಗೆ ಕೇಳಿಸಿತು. ಕೋಲಾರದಲ್ಲಿ ಆ ತೆಲುಗು ಯಾರಿಗೆ ತಿಳಿಯದು?

ಪಿಳ್ಳಪ್ಪ ಎದ್ದು ನಿಂತ. ಅವನ ತಲೆ ಪರದೆಗೆ ಅಡ್ಡ ಬಂತು. "ಅದು ನಮ್ಮಣ್ಣನ ಷರ್ಟು" ಅಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ. ತಿರುಗಿ ಅತ್ತಿಗೆಯನ್ನು ಹುಡುಕಿ, ಒಂದು ಸಲ ನೋಡಿ, ಹೊರಗೆ ಹೋದ. ಅವನ ಹಿಂದೆಯೇ ಅರ್ಧ ಟೆಂಪೋ ಜನ ಎದ್ದು ಹೋದರು.

ಸಿನಿಮಾ ಮುಗಿದ ಮೇಲೆ ಭಾಷಣ. ಕನ್ನಡಕದ ಮೇಷ್ಟರೊಬ್ಬರು, ಜನಪ್ರಿಯ ಚಿತ್ರ ನಮಗೆ ಗೊತ್ತಿರುವುದನ್ನೇ ಹೇಳಿ ಖುಷಿಪಡಿಸುತ್ತದೆ, ಕಲಾತ್ಮಕ ಚಿತ್ರ ನಾವು ನೋಡಲು ಹೆದರುವುದನ್ನು ತೋರಿಸುತ್ತದೆ ಅಂದರು. ಆ ಎಲೆ ಅಗಿಯುವ ದೃಶ್ಯದಂಥ ಅಭಿನಯವನ್ನು ತಾವು ಕಂಡಿಲ್ಲ ಅಂದರು. ಆಂಜಿನಮ್ಮನನ್ನು ವೇದಿಕೆಗೆ ಕರೆದರು. ಶಾಲು ಹಿಡಿದು ಮೇಘನ ಎದುರು ಬಂದಳು. ಅವಳ ಕಣ್ಣಲ್ಲಿ ನೀರಿತ್ತು.

ಆಂಜಿನಮ್ಮ ಶಾಲಿಗೆ ತಲೆ ಬಗ್ಗಿಸಲಿಲ್ಲ. "ಅವತ್ತು ಊಟಕ್ಕೆ ಬಿಟ್ಟೆ ಅಂದಿದ್ದೆ ತಾನೇ?"

ಮೇಘನ ತಲೆ ಆಡಿಸಿದಳು.

"ಹಂಗಂದ್ರೆ ನಾನು ಆಕ್ಟಿಂಗ್ ಮಾಡ್ಲಿಲ್ಲ. ನಾನು ಮಾಡಿದ್ದು ಬಿಸಾಕ್ಬಿಟ್ಟು, ನಾನು ಕೊಡದೆ ಇರೋದನ್ನ ಎತ್ಕೊಂಡು ಹೋಗಿದೀಯ."

ಮೈಕು ಹತ್ತಿರವಿದ್ದದ್ದರಿಂದ ಎಲ್ಲರಿಗೂ ಕೇಳಿಸಿತು. ಮುಂದೆ ಕೂತಿದ್ದವರು ಚಪ್ಪಾಳೆ ತಟ್ಟಿದರು. ಎಷ್ಟು ದೊಡ್ಡ ಮಾತು ಹೇಳಿದಳು ಎಂದು ಕನ್ನಡಕದ ಮೇಷ್ಟರು ಪಕ್ಕದವರ ಕಿವಿಯಲ್ಲಿ ಹೇಳಿದರು. ಆಂಜಿನಮ್ಮ ಆ ಚಪ್ಪಾಳೆಯ ನಡುವೆ ಮೆಟ್ಟಿಲಿಳಿದು, ಚಪ್ಪಲಿ ಕೂಡ ಹುಡುಕದೆ, ಬರಿಗಾಲಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ನಡೆದಳು. ಶಹರ್ ಬಾನು ಇಬ್ಬರ ಚಪ್ಪಲಿಯನ್ನೂ ಹಿಡಿದುಕೊಂಡು ಹಿಂದೆ ಓಡಿದಳು.

ಊರಿನಲ್ಲಿ ಮಾತು ಅವಳಿಗಿಂತ ಮುಂಚೆ ಮುಟ್ಟಿತ್ತು. ಚನ್ನರಾಯಪ್ಪನಿಗೆ ಎದೆನೋವು ಬಂದಾಗ ಇವಳು ಬೇಕೆಂದೇ ತಡಮಾಡಿ ಆಟೋ ಕರೆಸಿದಳಂತೆ ಎಂದು ಯಾರೋ ಹುಟ್ಟಿಸಿದರು. ಡೈರಿಯ ಸಾಲಿನಲ್ಲಿ ಹೆಂಗಸರು ಅವಳ ಕ್ಯಾನಿಗೆ ತಮ್ಮ ಕ್ಯಾನು ತಾಗದ ಹಾಗೆ ಸರಿದು ನಿಲ್ಲತೊಡಗಿದರು. ಪಿಳ್ಳಪ್ಪ ಮಾತು ಬಿಟ್ಟ. ಅವನ ಹೆಂಡತಿ ಮುನಿಗಂಗಮ್ಮ ಅಂಗಳ ಗುಡಿಸುವಾಗ ಎದುರು ಮನೆಯ ಕಡೆ ಬೆನ್ನು ಮಾಡಿಯೇ ಗುಡಿಸುತ್ತಿದ್ದಳು.

ಎಲ್ಲಕ್ಕಿಂತ ಆಂಜಿನಮ್ಮನನ್ನು ಕುಗ್ಗಿಸಿದ್ದು ದೊಡ್ಡಮುನಿಯಮ್ಮನ ಸಾವು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಅನ್ನ ಬಡಿಸಿ, ತಲೆಗೆ ಎಣ್ಣೆ ಹಚ್ಚಿದ ಮುದುಕಿ ಅದು. ಹೇಳಿಕಳಿಸದಿದ್ದರೂ ಆಂಜಿನಮ್ಮ ಹೋದಳು. ತಲೆಯ ಬಳಿ ಕೂತು ಬಾಯಿ ತೆರೆಯುವಷ್ಟರಲ್ಲಿ ಮುದುಕಿಯ ಸೊಸೆ ಶ್ಯಾಮಲಮ್ಮ ಭುಜ ಹಿಡಿದಳು.

"ಬೇಡಕ್ಕ. ನೀನು ಅತ್ರೆ ಎಲ್ಲಾರೂ ನಿನ್ನ ಮುಖಾನೇ ನೋಡ್ತಾರೆ. ನಮ್ಮತ್ತೆ ಸಾವು ನಗೆಪಾಟ್ಲು ಆಗ್ತದೆ."

ಆಂಜಿನಮ್ಮ ಎದ್ದು ಗೋಡೆಯ ಬಳಿ ಹೋಗಿ ಕೂತಳು. ಒಳಗೆ ಕುದಿಯುತ್ತಿದ್ದ ನಿಜವಾದ ಅಳುವನ್ನು ಹಲ್ಲು ಕಚ್ಚಿ ಹಿಡಿದು, ಹೆಣ ಎತ್ತುವವರೆಗೂ ಹಾಗೆಯೇ ಕೂತಿದ್ದಳು.

ಅವಳ ಸಿಟ್ಟೆಲ್ಲ ಮೇಘನಳ ಮೇಲೆ. ಮಾಲೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗಳು ಗಂಗಾ ರಜೆಗೆ ಬಂದಾಗ ಅದನ್ನೆಲ್ಲ ಹೊರಹಾಕಿದಳು. ಅವಳ ಮನೆ ಹಾಳಾಗ, ಕಳ್ಳಿ, ಅಂದಳು. ಮಗಳು ಸೇರಿಕೊಂಡು ಬೈಯ್ಯುತ್ತಾಳೆ ಅಂದುಕೊಂಡಿದ್ದಳು. ಗಂಗಾ ಹುಣಸೆಹಣ್ಣು ಕಿವುಚುವುದನ್ನು ನಿಲ್ಲಿಸಲಿಲ್ಲ.

"ಅದ್ರಲ್ಲಿ ಸುಳ್ಳೇನೈತಮ್ಮ?"

"ಏನಂದೆ?"

"ಅಪ್ಪ ಬೆನ್ನು ತಿರುಗ್ಸಿದಾಗೆಲ್ಲ ನೀನು ಹಂಗೇ ನೋಡ್ತಿದ್ದೆ. ನಾನು ಚಿಕ್ಕೋಳಿದ್ದಾಗಿಂದ ನೋಡಿದೀನಿ. ನನಗೆ ಫೋನಲ್ಲಿ ಆ ಪಿಚ್ಚರ್ ತುಣುಕು ನೋಡಿ ಏನೂ ಆಗ್ಲಿಲ್ಲ. ಅವನು ಸತ್ತಾಗ ನೀನು ಅತ್ತಿದ್ದೆಯಲ್ಲ, ನನ್ನ ದೇವ್ರು ಹೋದ ಅಂತ ಊರಿಗೆಲ್ಲ ಕೇಳೋ ಹಂಗೆ? ಅದು ನನಗೆ ಅಸಹ್ಯ ಆಗಿತ್ತು. ಅವನ ಕಾಲಿಗೆ ಬೀಳು ಅಂತ ನನ್ನ ಕತ್ತು ಬಗ್ಗಿಸ್ದೆ. ಅದನ್ನ ಇವತ್ತಿಗೂ ಮರೆತಿಲ್ಲ ನಾನು."

ಆಂಜಿನಮ್ಮ ಮಗಳ ಕೆನ್ನೆಗೆ ಹೊಡೆದಳು. ಗಂಗಾ ಕೈ ತೊಳೆದುಕೊಂಡು, ಚೀಲ ತಗೊಂಡು, ಊಟ ಮಾಡದೆ ಮಾಲೂರಿನ ಬಸ್ಸು ಹತ್ತಿದಳು.

ಮೇಘನ ಬಂದದ್ದು ಇದಾದ ಮೇಲೆ. ಮುಂಬೈಯಲ್ಲಿ ಯಾವುದೋ ಉತ್ಸವವಂತೆ, ಅಲ್ಲಿಗೆ ಆಂಜಿನಮ್ಮನೂ ಬರಬೇಕಂತೆ. ಆಂಜಿನಮ್ಮ ಅವಳನ್ನು ಜಗುಲಿ ಹತ್ತಿಸಲಿಲ್ಲ, ಅಂಗಳದಲ್ಲೇ ನಿಲ್ಲಿಸಿದಳು.

"ಅದನ್ನ ತೆಗ್ದಾಕು."

"ಅದನ್ನ ತೆಗೆದ್ರೆ ನನ್ನ ಸಿನಿಮಾನೇ ಇಲ್ಲಮ್ಮ."

"ನನ್ನ ಮಾನ ಹೋದ್ರೂ ಪರ್ವಾಗಿಲ್ಲ, ನಿನ್ನ ಸಿನಿಮಾ ಇರಬೇಕು."

"ನಿಮಗೆ ಇಷ್ಟು ತೊಂದ್ರೆ ಆಗತ್ತೆ ಅಂತ ನನಗೆ ಗೊತ್ತಿರಲಿಲ್ಲ."

"ಅದು ನಾಟಕ ಅಲ್ಲ ಅಂತ ಗೊತ್ತಿತ್ತೋ ಇಲ್ವೋ? ಅದನ್ನ ಹೇಳು."

"ಗೊತ್ತಿತ್ತು" ಅಂದಳು ಮೇಘನ. "ಗೊತ್ತಾಗಿದ್ದಕ್ಕೇ ಇಟ್ಕೊಂಡೆ. ನಾನು ಕೇಳಬೇಕಾಗಿತ್ತು. ಕೇಳಿದ್ರೆ ನೀವು ಬೇಡ ಅಂತೀರಿ ಅಂತ ಕೇಳಲಿಲ್ಲ."

ಮಾತು ಕೇಳಿ ಪಿಳ್ಳಪ್ಪ ಎದುರು ಮನೆಯಿಂದ ಇಳಿದು ಬಂದ. ಅತ್ತಿಗೆಯ ಕಡೆ ನೋಡದೆ ಮೇಘನಳಿಗೆ ಕೈ ಮುಗಿದ. "ಮೇಡಂ, ನೀವು ದೊಡ್ಡೋರು. ಒಂದು ಉಪಕಾರ ಮಾಡಿ. ಅದು ನೀವು ಹೇಳ್ಕೊಟ್ಟ ಆಕ್ಟಿಂಗು, ನಮ್ಮತ್ಗೆ ಹಂಗೆ ನೋಡೋಳಲ್ಲ ಅಂತ ನಮ್ಮೂರ್ನೋರ ಮುಂದೆ ಒಂದು ಮಾತು ಹೇಳಿ. ನಮ್ಮಣ್ಣನ ಹೆಸ್ರು ಉಳೀತದೆ. ಅತ್ಗೆಗೂ ಒಳ್ಳೇದು. ನಾನೇ ಮುಂದೆ ನಿಂತು ಎಲ್ಲಾರ ಬಾಯಿ ಮುಚ್ಚಿಸ್ತೀನಿ."

ಮೇಘನಳ ಮುಖ ಅರಳಿತು. "ಖಂಡಿತಾ ಹೇಳ್ತೀನಿ. ಇವತ್ತೇ ಹೇಳ್ತೀನಿ. ಎಲೆ ಹಾಕ್ಕೊಳ್ಳಿ ಅಂತ ನಾನೇ ಹೇಳಿದ್ದು, ಆ ಮಾತೂ ನಾನೇ ಬರೆದುಕೊಟ್ಟಿದ್ದು ಅಂತೀನಿ. ಅಮ್ಮ, ಆಗಬಹುದಾ?"

ಇಬ್ಬರೂ ಅವಳ ಕಡೆ ನೋಡಿದರು. ಹೂಂ ಅಂದರೆ ಸಾಕಿತ್ತು. ಡೈರಿಯ ಸಾಲು, ಸಾವಿನ ಮನೆ, ಮೈದುನನ ಮಾತು, ಎಲ್ಲವೂ ಸಂಜೆಯೊಳಗೆ ವಾಪಸ್ಸು ಬರುತ್ತಿತ್ತು. ಅವಳಿಗೂ ಅದು ಬೇಕಿತ್ತು, ಬಹಳ ಬೇಕಿತ್ತು. ಆದರೆ ಮಗಳು ಹುಣಸೆಹಣ್ಣು ಕಿವುಚುತ್ತಾ ಆಡಿದ ಮಾತು ಅಡ್ಡ ಬಂತು. ಸತ್ಯ ಬೇಕು ಎಂದು ಬಂದವಳು ಎಷ್ಟು ಬೇಗ ಸುಳ್ಳಿಗೆ ಒಪ್ಪಿಕೊಂಡಳಲ್ಲ ಎಂದು ಮೇಘನಳ ಮೇಲೆ ಅಸಹ್ಯವೂ ಬಂತು.

ಒಳಗೆ ಹೋದಳು. ನಡುಮನೆಯ ಗೋಡೆಯಲ್ಲಿ ಹಾರ ಹಾಕಿದ್ದ ಚನ್ನರಾಯಪ್ಪನ ಫೋಟೋವನ್ನು ಮೊಳೆಯಿಂದ ಇಳಿಸಿ ತಂದು ಪಿಳ್ಳಪ್ಪನ ಕೈಗೆ ಕೊಟ್ಟಳು.

"ಆಕ್ಟಿಂಗ್ ಅಲ್ಲ ಅದು. ನಾನೇ ಅಂದಿದ್ದು. ನಿಮ್ಮಣ್ಣನ್ನ ನೀನೇ ಇಟ್ಕೋ. ಎಡೆ ಇಕ್ಕೋದೂ ನಿಮ್ಮನೇಲೇ ಇಕ್ಕು, ಇನ್ಮೇಲೆ ನಾನು ಮಾಡಲ್ಲ."

"ಅತ್ಗೆ, ಏನ್ ಮಾತಾಡ್ತಿದೀಯ? ನಿನಗೆ ಅನ್ನ ಇಕ್ಕಿದೋನು..."

"ಗೋಡೆಗೆ ಎಸೆದ ಅನ್ನ ಬಳಿದೋಳು ನಾನು. ಕೇಳ್ಬೇಕಾದ್ರೆ ಗಂಗಾನ ಕೇಳು." ಆಮೇಲೆ ಮೇಘನಳ ಕಡೆ ತಿರುಗಿದಳು. "ನಿನ್ನನ್ನ ಕ್ಷಮಿಸಿದೀನಿ ಅನ್ಕೋಬೇಡ. ಇನ್ನೊಂದು ಸಲ ಈ ಊರಲ್ಲಿ ನಿನ್ನ ಕಾರು ಕಂಡ್ರೆ ಗಾಜು ಪುಡಿ ಮಾಡ್ತೀನಿ."

ಮೇಘನ ಮತ್ತೆ ಬರಲಿಲ್ಲ. ಸಿನಿಮಾ ಮುಂಬೈಗೆ ಹೋಯಿತು, ಆ ದೃಶ್ಯದ ಸಮೇತ.

ಪಿಳ್ಳಪ್ಪ ಅಂಗಳದ ನಡುವೆ ಎದೆಮಟ್ಟದ ಇಟ್ಟಿಗೆಯ ಗೋಡೆ ಎಬ್ಬಿಸಿದ. ಗಂಗಾ ತಾಯಿಯ ಜೊತೆ ಮತ್ತೆ ಮಾತಾಡಿದಳು, ಆದರೆ ಹೊಡೆದದ್ದನ್ನು ಮರೆತಿಲ್ಲ ಅಂತ ಆಗಾಗ ಹೇಳುತ್ತಿದ್ದಳು. ಆಂಜಿನಮ್ಮ ಮ್ಯಾಟ್ನಿಗೆ ಹೋಗುವುದನ್ನೇನೂ ಬಿಡಲಿಲ್ಲ. ಆದರೆ ರುಚಿ ಕೆಟ್ಟಿತ್ತು. ಪರದೆಯ ಮೇಲೆ ತಾಯಿ ಎದೆ ಬಡಿದುಕೊಂಡು ಅತ್ತರೆ, ಇವಳು ಯಾರಿಗೆ ಕೇಳಲಿ ಅಂತ ಅಳುತ್ತಿದ್ದಾಳೆ ಅನ್ನಿಸುತ್ತಿತ್ತು. ಕಣ್ಣು ಹಿಂದೆ ಸುಮ್ಮನೆ ನಿಂತ ಹೆಂಗಸರ ಕಡೆಗೆ ಹೋಗುತ್ತಿತ್ತು. "ಬಾನು, ಆ ಹುಡುಗಿ ನನಗೆ ನೆಮ್ಮದಿಯಾಗಿ ಒಂದು ಪಿಚ್ಚರ್ ನೋಡೋ ಯೋಗಾನೂ ಇಲ್ದಂಗೆ ಮಾಡಿದ್ಲು" ಎಂದು ಬಸ್ಸಿನಲ್ಲಿ ಬೈಯ್ಯುತ್ತಿದ್ದಳು. ಶಹರ್ ಬಾನು, "ನನಗೂ ಹಂಗೇ ಆಗೈತಕ್ಕ" ಅನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮುನಿಗಂಗಮ್ಮ ಗೋಡೆ ಸುತ್ತಿಕೊಂಡು ಹಿತ್ತಲಿನ ಬಾಗಿಲಿಗೆ ಬಂದಳು. ತುಟಿ ಒಡೆದಿತ್ತು. ಸೊಸೆಯ ಫೋನಿನಲ್ಲಿ ಆ ಸಿನಿಮಾದ ತುಣುಕು ನೋಡುತ್ತಾ ಕೂತಿದ್ದಾಗ ಪಿಳ್ಳಪ್ಪ ಹಿಂದಿನಿಂದ ಬಂದನಂತೆ. ಇಷ್ಟು ವರ್ಷ ಎದುರು ಮನೆಯಲ್ಲಿದ್ದರೂ ಇಬ್ಬರೂ ಒಬ್ಬರಿಗೊಬ್ಬರು ಇಂಥದ್ದನ್ನು ಹೇಳಿಕೊಂಡಿರಲಿಲ್ಲ. ಆಂಜಿನಮ್ಮ ಏನೂ ಕೇಳದೆ ಅವಳನ್ನು ಒಳಗೆ ಕರೆದು, ಮುಖ ತೊಳೆಸಿ, ಚಾಪೆ ಹಾಸಿದಳು. ಸಂಜೆ ಪಿಳ್ಳಪ್ಪ ಗೋಡೆಯ ಆಚೆಯಿಂದ ಹೆಂಡತಿಯ ಹೆಸರು ಹಿಡಿದು ಕೂಗಿದ. ಆಂಜಿನಮ್ಮ ಹೊರಗೆ ಬಂದು ನಿಂತಳು.

"ಅವಳು ಬರಲ್ಲ. ಬೇಕಾದ್ರೆ ನೀನೇ ಬೀದಿ ಸುತ್ಕೊಂಡು ಮುಂದಿನ ಬಾಗ್ಲಿಗೆ ಬಂದು, ಯಾಕೆ ಹೊಡ್ದೆ ಅಂತ ಎಲ್ಲಾರ ಮುಂದೆ ಹೇಳಿ ಕರ್ಕೊಂಡು ಹೋಗು."

ಅವನು ಬರಲು ವಾರ ಹಿಡಿಯಿತು. ಯಾಕೆ ಹೊಡೆದೆ ಅಂತ ಹೇಳಲಿಲ್ಲ. ತಲೆ ತಗ್ಗಿಸಿ, "ಬಾ, ಮನೇಲಿ ಹುಳ ಹಣ್ಣಾಗವೆ, ಕೈ ಸಾಲಲ್ಲ" ಅಂದ. ರೇಷ್ಮೆ ಹುಳ ಗೂಡಿಗೆ ಬಿಡುವ ಕಾಲ, ಮನೆಯಲ್ಲಿ ಆಳಿಲ್ಲ. ಮುನಿಗಂಗಮ್ಮ ಹೋದಳು. ಆಂಜಿನಮ್ಮ ತಡೆಯಲಿಲ್ಲ, ಅವನ ಜೊತೆ ಮಾತೂ ಆಡಲಿಲ್ಲ. ಅದರ ನಂತರ ಅವನು ಹೆಂಡತಿಯ ಮೇಲೆ ಕೈ ಮಾಡಿದ್ದನ್ನು ಯಾರೂ ಕಂಡಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಏನು ನಡೆಯುತ್ತದೋ ಆಂಜಿನಮ್ಮನಿಗೆ ಗೊತ್ತಿಲ್ಲ. ಆದರೆ ಮುನಿಗಂಗಮ್ಮ ಈಗ ಈ ಕಡೆಗೆ ಮುಖ ಮಾಡಿ ಅಂಗಳ ಗುಡಿಸುತ್ತಾಳೆ.